ಅಂಗೈ ಅಂಗಾಲಿನ ಚುಕ್ಕೆ

ಅಮೆರಿಕದ ಮೊಂಟಾನಾ ರಾಜ್ಯದ ಹ್ಯಾಮಿಲ್ಟನ್ ಎಂಬ ಊರಿನಲ್ಲಿ 1928ರಲ್ಲಿ ಒಂದು ಪ್ರಯೋಗಾಲಯ ಎದ್ದಿತು. ಅದು ಇಲ್ಲಿ ಬೇಡವೆಂದು ಅಕ್ಕಪಕ್ಕದವರು ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಅವರ ಸಮಾಧಾನಕ್ಕೆಂದು ಕಟ್ಟಡದ ಸುತ್ತ ನೀರಿನ ಕಂದಕವನ್ನೇ ತೋಡಬೇಕಾಯಿತು. ಒಳಗೆ ಸಾಕುತ್ತಿದ್ದ ಉಣುಗುಗಳು ತೆವಳಿಕೊಂಡು ತಮ್ಮ ಮನೆಗೆ ಬಂದುಬಿಟ್ಟರೆ ಎಂಬ ಭಯ ಆ ಜನಕ್ಕೆ.

ಭಯಕ್ಕೆ ಕಾರಣವಿತ್ತು. ಹ್ಯಾಮಿಲ್ಟನ್ ಇರುವುದು ಬಿಟರ್‌ರೂಟ್ ಕಣಿವೆಯಲ್ಲಿ. ಹಿಮ ಕರಗಿ ಹುಲ್ಲು ಚಿಗುರುವ ಹೊತ್ತಿಗೆ ಅಲ್ಲಿ ವರ್ಷವರ್ಷವೂ ಒಂದು ಜ್ವರ ಕಾಣಿಸಿಕೊಳ್ಳುತ್ತಿತ್ತು. ಮೊದಲು ತಲೆ ಸಿಡಿಯುವ ನೋವು, ಮೈಕೈ ನೋವು, ಚಳಿ. ಎರಡು ಮೂರು ದಿನ ಕಳೆದ ಮೇಲೆ ಮಣಿಕಟ್ಟಿನಲ್ಲಿ, ಪಾದದ ಗಿಣ್ಣಿನ ಹತ್ತಿರ ಕೆಂಪು ಚುಕ್ಕೆ. ಆ ಚುಕ್ಕೆಗಳು ಮೈತುಂಬ ಹರಡಿ, ಕಪ್ಪಾಗಿ, ಎರಡನೇ ವಾರದಲ್ಲಿ ರೋಗಿ ಸಾಯುವುದು. ಈ ಚುಕ್ಕೆ ಜ್ವರವನ್ನು ಜನ ಕಪ್ಪು ದಡಾರ ಎನ್ನುತ್ತಿದ್ದರು. ಹಿಮ ಕರಗಿದ ನೀರು ಕುಡಿದರೆ ಬರುತ್ತದೆ ಎಂದೂ ನಂಬಿದ್ದರು. ನದಿಯ ಪಶ್ಚಿಮ ದಂಡೆಯಲ್ಲಿ ಜ್ವರ ಬಂದ ಹತ್ತು ಮಂದಿಯಲ್ಲಿ ಆರೇಳು ಜನ ಉಳಿಯುತ್ತಿರಲಿಲ್ಲ. ಪಕ್ಕದ ಐಡಹೊ ರಾಜ್ಯದಲ್ಲಿ ಇದೇ ಜ್ವರಕ್ಕೆ ನೂರರಲ್ಲಿ ಐದು ಜನವೂ ಸಾಯುತ್ತಿರಲಿಲ್ಲ.

ಇದರ ಗುಟ್ಟು ಬಿಡಿಸಲು 1906ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಿಂದ ಹೊವಾರ್ಡ್ ರಿಕೆಟ್ಸ್ ಬಂದರು. ಜ್ವರ ಹಿಡಿದ ಗಿನಿಪಿಗ್ ಮೇಲೆ ಉಣುಗು ಬಿಟ್ಟು ರಕ್ತ ಹೀರಿಸಿ, ಅದೇ ಉಣುಗನ್ನು ಆರೋಗ್ಯವಾಗಿದ್ದ ಇನ್ನೊಂದು ಗಿನಿಪಿಗ್‌ಗೆ ಕಚ್ಚಿಸಿದರು. ಅದಕ್ಕೂ ಜ್ವರ ಬಂತು. ಸೋಂಕು ಹೆಣ್ಣು ಉಣುಗಿನಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ದಾಟುತ್ತದೆ ಎಂಬುದನ್ನೂ ಅವರೇ ತೋರಿಸಿದರು. ಅಂದರೆ ಒಂದೇ ಒಂದು ಪ್ರಾಣಿಯನ್ನು ಕಚ್ಚದೆಯೂ ಮರಿ ಉಣುಗು ಹುಟ್ಟುವಾಗಲೇ ರೋಗಾಣು ಹೊತ್ತಿರಬಹುದು. ಮುಂದೆ ಮೆಕ್ಸಿಕೋ ನಗರದಲ್ಲಿ ಟೈಫಸ್ ಜ್ವರವನ್ನು ಅಧ್ಯಯನ ಮಾಡುತ್ತಿದ್ದಾಗ ಅದೇ ರೋಗ ತಗುಲಿ 1910ರಲ್ಲಿ ರಿಕೆಟ್ಸ್ ತೀರಿಕೊಂಡರು. ಈ ರೋಗಾಣುಗಳ ಕುಲಕ್ಕೆ ರಿಕೆಟ್ಸಿಯಾ ಎಂಬ ಹೆಸರು ಉಳಿದಿದೆ. ಬಿಟರ್‌ರೂಟ್‌ನ ಜ್ವರವನ್ನು ಬೆನ್ನಟ್ಟಿದವರಲ್ಲಿ ಜೀವ ತೆತ್ತವರು ಇನ್ನೂ ಹಲವರಿದ್ದಾರೆ. ದನಗಳಿಗೆ ಔಷಧದ ಸ್ನಾನ ಮಾಡಿಸಿ ಉಣುಗು ನಿರ್ಮೂಲ ಮಾಡಲು ಹೊರಟಿದ್ದ ವೈದ್ಯ ಥಾಮಸ್ ಮೆಕ್ಲಿಂಟಿಕ್ 1912ರಲ್ಲಿ ಇದೇ ಜ್ವರಕ್ಕೆ ಬಲಿಯಾದರು. ಪ್ರಯೋಗಾಲಯದ ಸಹಾಯಕರೂ ಸತ್ತರು. ಈ ಚರಿತ್ರೆಯಲ್ಲಿ ಅವರ ಹೆಸರು ಹೆಚ್ಚು ಕೇಳಿಬರದಿರುವುದು ಬೇಸರದ ಸಂಗತಿ.

ಉಣುಗು ನಮಗೆ ಹೊಸದಲ್ಲ. ದನ, ನಾಯಿ ಸಾಕಿದ ಯಾರಿಗೂ ಅದರ ಗುರುತು ಹೇಳಿಕೊಡಬೇಕಿಲ್ಲ. ಕೆಲವು ಕಡೆ ಉಣ್ಣೆ ಎಂದೂ ಅನ್ನುತ್ತಾರೆ. ಎಂಟು ಕಾಲಿನ ಇದು ಜೇಡ, ಚೇಳುಗಳ ಬಳಗ. ಮೊಟ್ಟೆಯೊಡೆದು ಬಂದ ಮರಿಗೆ ಮಾತ್ರ ಆರು ಕಾಲು. ಹಾರಲು ಬಾರದು, ನೆಗೆಯಲು ಬಾರದು. ಎಷ್ಟೋ ಜಾತಿಯ ಉಣುಗುಗಳು ಹುಲ್ಲಿನ ತುದಿಗೆ ಹತ್ತಿ, ಮುಂಗಾಲು ಚಾಚಿ ಕಾಯುತ್ತವೆ. ಆ ಮುಂಗಾಲಿನ ತುದಿಯಲ್ಲಿ ಒಂದು ಸಣ್ಣ ಗುಳಿಯಿದೆ. ಹತ್ತಿರ ಸುಳಿದ ಪ್ರಾಣಿಯ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಶಾಖ, ಬೆವರಿನ ವಾಸನೆ ಎಲ್ಲವೂ ಅದರಿಂದಲೇ ತಿಳಿಯುತ್ತದೆ. ಚರ್ಮ ಸಿಕ್ಕಿತೋ, ಎರಡು ಕತ್ತಿಗಳಂಥ ಅಂಗದಿಂದ ಕೊಯ್ದು, ಹಿಮ್ಮುಖ ಮುಳ್ಳುಗಳಿರುವ ಮೂತಿಯನ್ನು ಒಳಗಿಳಿಸುತ್ತದೆ. ಅನೇಕ ಜಾತಿಗಳು ಸುತ್ತ ಒಂದು ಬಗೆಯ ಅಂಟನ್ನೂ ಸುರಿಸಿ ಗಟ್ಟಿಯಾಗಿ ಕೂರುತ್ತವೆ. ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಉರಿ ನವೆ ಗೊತ್ತಾಗದಂತೆ ಮಾಡುವ ಪದಾರ್ಥಗಳಿವೆ. ಅದಕ್ಕೇ ಸೊಳ್ಳೆ ಕಚ್ಚಿದ್ದು ಗೊತ್ತಾಗುವ ನಮಗೆ ಉಣುಗು ದಿನಗಟ್ಟಲೆ ಅಂಟಿಕೊಂಡಿದ್ದರೂ ತಿಳಿಯುವುದಿಲ್ಲ. ಚುಕ್ಕೆ ಜ್ವರ ಬಂದವರಲ್ಲಿ ಬಹಳ ಮಂದಿಗೆ ಉಣುಗು ಕಚ್ಚಿದ ನೆನಪೇ ಇರುವುದಿಲ್ಲ.

ಹ್ಯಾಮಿಲ್ಟನ್‌ನಲ್ಲಿ 1920ರ ದಶಕದಲ್ಲಿ ರಾಸ್ಕೊ ಸ್ಪೆನ್ಸರ್ ಮತ್ತು ರಾಲ್ಫ್ ಪಾರ್ಕರ್ ಒಂದು ವಿಚಿತ್ರ ಕಂಡರು. ಸೋಂಕಿರುವ, ಆದರೆ ಬಹಳ ಕಾಲ ಹಸಿದಿದ್ದ ಉಣುಗನ್ನು ಅರೆದು ಗಿನಿಪಿಗ್‌ಗೆ ಚುಚ್ಚಿದರೆ ಜ್ವರ ಬರುತ್ತಿರಲಿಲ್ಲ. ಅಂಥದೇ ಉಣುಗಿಗೆ ರಕ್ತ ಕುಡಿಸಿ ಆಮೇಲೆ ಅರೆದರೆ, ಅದೇ ರೋಗಾಣು ಮಾರಕವಾಗುತ್ತಿತ್ತು. ಚಳಿಗಾಲ ಪೂರ್ತಿ ಉಪವಾಸ ಬಿದ್ದ ಉಣುಗಿನ ಒಡಲಲ್ಲಿ ರಿಕೆಟ್ಸಿಯಾ ಮಂಕಾಗಿರುತ್ತದೆ. ಬಿಸಿ ರಕ್ತ ಒಳಗಿಳಿದ ಮೇಲೆ ಚುರುಕಾಗುತ್ತದೆ. ಕಚ್ಚಿದ ಉಣುಗನ್ನು ಬೇಗ ಕಿತ್ತರೆ ಪಾರಾಗುವ ಸಾಧ್ಯತೆ ಹೆಚ್ಚು ಎನ್ನುವುದಕ್ಕೆ ಇದೇ ಆಧಾರ. ಇದೇ ತಿಳಿವಳಿಕೆಯಿಂದ ಅವರು ಉಣುಗುಗಳನ್ನು ಅರೆದು, ಫೀನಾಲ್ ಬೆರೆಸಿ ಲಸಿಕೆ ಮಾಡಿದರು. ಸ್ಪೆನ್ಸರ್ 1924ರಲ್ಲಿ ಅದನ್ನು ಮೊದಲು ತಮಗೇ ಚುಚ್ಚಿಕೊಂಡರು. ಇಂದು ಈ ಜ್ವರಕ್ಕೆ ಬಳಕೆಯಲ್ಲಿರುವ ಲಸಿಕೆ ಯಾವುದೂ ಇಲ್ಲ.

ರಿಕೆಟ್ಸಿಯಾ ಬ್ಯಾಕ್ಟೀರಿಯಾವೇ. ಆದರೆ ಬೇರೊಂದು ಜೀವಕೋಶದ ಒಳಗಲ್ಲದೆ ಅದು ಬೆಳೆಯದು. ನಮ್ಮ ಮೈಯಲ್ಲಿ ಅದಕ್ಕೆ ಬೇಕಾದ ಜಾಗ ಸಣ್ಣ ರಕ್ತನಾಳಗಳ ಒಳಪದರ. ಅಲ್ಲಿನ ಕೋಶಕ್ಕೆ ತಾಗಿ, ಅದು ತನ್ನನ್ನು ತಾನಾಗಿಯೇ ಒಳಗೆಳೆದುಕೊಳ್ಳುವಂತೆ ಮಾಡುತ್ತದೆ. ಒಳಗೆ ಹೋದ ಕೂಡಲೇ ಕೋಶ ಅದನ್ನು ಒಂದು ಚೀಲದಲ್ಲಿ ಸುತ್ತಿ ಜೀರ್ಣಿಸಲು ನೋಡುತ್ತದೆ. ರಿಕೆಟ್ಸಿಯಾ ಅಷ್ಟರೊಳಗೆ ಚೀಲ ಹರಿದು ಹೊರಬರುತ್ತದೆ. ಆಮೇಲಿನದು ನನಗೆ ಈ ರೋಗದಲ್ಲೇ ಅತ್ಯಂತ ಬೆರಗು ಹುಟ್ಟಿಸುವ ಸಂಗತಿ. ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಂಬ ಪ್ರೋಟೀನನ್ನು ತನ್ನ ಹಿಂಬದಿಯಲ್ಲಿ ಎಳೆಎಳೆಯಾಗಿ ಕಟ್ಟಿಸಿಕೊಂಡು, ಆ ಬಾಲದ ಒತ್ತಿನಿಂದ ಮುಂದೆ ಸಾಗಿ ಗೋಡೆ ನೂಕಿ ಪಕ್ಕದ ಕೋಶಕ್ಕೆ ದಾಟುತ್ತದೆ. ರಕ್ತದ ಹರಿವಿಗೆ ಬೀಳದೆ, ಪ್ರತಿಕಾಯಗಳ ಕೈಗೆ ಸಿಗದೆ, ನಾಳದುದ್ದಕ್ಕೂ ಕೋಶದಿಂದ ಕೋಶಕ್ಕೆ ಹಬ್ಬುವುದು ಹೀಗೆ.

ಒಳಪದರ ಹಾಳಾದ ರಕ್ತನಾಳ ಬಿಸಿಲಿಗೆ ಬಿರುಕುಬಿಟ್ಟ ಡ್ರಿಪ್ ಪೈಪಿನಂತೆ ಅಲ್ಲಲ್ಲಿ ಜಿನುಗತೊಡಗುತ್ತದೆ. ಚರ್ಮದಲ್ಲಿ ಜಿನುಗಿದ್ದು ಚುಕ್ಕೆಯಾಗಿ ಕಾಣುತ್ತದೆ. ಮೊದಮೊದಲು ಬೆರಳಿನಿಂದ ಒತ್ತಿದರೆ ಚುಕ್ಕೆ ಮಾಯವಾಗಿ, ಬಿಟ್ಟರೆ ಮತ್ತೆ ಕೆಂಪಾಗುತ್ತದೆ. ರಕ್ತವೇ ಹೊರಬಂದ ಮೇಲೆ ಎಷ್ಟು ಒತ್ತಿದರೂ ಹೋಗುವುದಿಲ್ಲ. ಅಂಗೈ ಮತ್ತು ಅಂಗಾಲಿನಲ್ಲೂ ಚುಕ್ಕೆ ಮೂಡುವುದು ಈ ಜ್ವರದ ದೊಡ್ಡ ಸುಳಿವು, ಆದರೆ ಅದು ತಡವಾಗಿ ಬರುವ ಸುಳಿವು. ಶ್ವಾಸಕೋಶದಲ್ಲಿ ಜಿನುಗಿದರೆ ಉಸಿರಾಟಕ್ಕೆ ಕಷ್ಟ, ಮಿದುಳಿನಲ್ಲಿ ಜಿನುಗಿದರೆ ಮಂಪರು, ಫಿಟ್ಸ್. ರಕ್ತ ಹರಿಯದೆ ಕಾಲ್ಬೆರಳು, ಕಿವಿಯ ಹಾಲೆ ಕಪ್ಪಾಗಿ ಕೊಳೆಯುವುದೂ ಉಂಟು. ಪ್ಲೇಟ್‌ಲೆಟ್ ಇಳಿಯುತ್ತದೆ. ನಮ್ಮಲ್ಲಿ ಜ್ವರದ ಜೊತೆ ಪ್ಲೇಟ್‌ಲೆಟ್ ಇಳಿದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಡೆಂಗಿ.

ನಮ್ಮಲ್ಲಿ ಎಂದೆ. ಇಂಥ ಚುಕ್ಕೆ ಜ್ವರ ಅಮೆರಿಕದ್ದು ಮಾತ್ರವಲ್ಲ. ಅಲ್ಲಿನ ರೋಗಾಣುವಿನ ಹತ್ತಿರದ ಬಂಧು ರಿಕೆಟ್ಸಿಯಾ ಕೊನೋರಿ ಭಾರತದಲ್ಲಿದೆ, ಕರ್ನಾಟಕದಲ್ಲೂ ಇದೆ. ಮಲೆನಾಡಿನವರಿಗೆ ಉಣುಗು ಅಂದಕೂಡಲೇ ನೆನಪಾಗುವುದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಅದು ವೈರಸ್ಸಿನದು, ಕಾಡಿನ ಉಣುಗಿನಿಂದ ಬರುವಂಥದು, ಅದನ್ನು ನೇರವಾಗಿ ಗುಣಪಡಿಸುವ ಔಷಧವಿಲ್ಲ. ಚುಕ್ಕೆ ಜ್ವರದ ದಾರಿ ಬೇರೆ. ಅದನ್ನು ಹರಡುವುದರಲ್ಲಿ ಮುಖ್ಯವಾದದ್ದು ನಾಯಿ ಮೈಮೇಲಿನ ಕಂದು ಉಣುಗು. ಕಾಡಿನ ಮುಖ ನೋಡದ ಬಯಲುಸೀಮೆಯ ಮಗುವಿಗೆ ಅಂಗಳದಲ್ಲಿ ನಾಯಿ ಜೊತೆ ಆಡುವಾಗ ತಗುಲಬಹುದು. ಜ್ವರದ ಜೊತೆ ಮೈಮೇಲೆ ಚುಕ್ಕೆ ಎದ್ದರೆ ದಡಾರವೆಂದೋ ಅಮ್ಮ ಎಂದೋ ಭಾವಿಸಿ, ಬೇವಿನ ಸೊಪ್ಪು ಕಟ್ಟಿ, ತಾನಾಗಿಯೇ ಇಳಿಯಲಿ ಎಂದು ಕಾಯುವ ಮನೆಗಳು ಇಂದಿಗೂ ಇವೆ. ಆ ನಂಬಿಕೆಯ ಬಗ್ಗೆ ನನಗೆ ಅಗೌರವವಿಲ್ಲ. ಆದರೆ ಈ ಜ್ವರದಲ್ಲಿ ಕಾಯುವುದು ಅಪಾಯ.

ಯಾಕೆಂದರೆ ಇದಕ್ಕೆ ಮದ್ದಿದೆ, ಅಗ್ಗದ ಮದ್ದು. ಡಾಕ್ಸಿಸೈಕ್ಲಿನ್. ಜ್ವರ ಶುರುವಾದ ಐದು ದಿನದೊಳಗೆ ಕೊಟ್ಟರೆ ಬಹುತೇಕ ರೋಗಿಗಳು ಎರಡು ಮೂರು ದಿನದಲ್ಲಿ ಚೇತರಿಸಿಕೊಳ್ಳತೊಡಗುತ್ತಾರೆ. ತಡವಾದಷ್ಟೂ ಸಾವಿನ ಸಂಭವ ಹೆಚ್ಚು. ಪೆನಿಸಿಲಿನ್ ಬಳಗದ ಮಾತ್ರೆಗಳು, ಆಸ್ಪತ್ರೆಗಳಲ್ಲಿ ಧಾರಾಳವಾಗಿ ಕೊಡುವ ಸೆಫಲೋಸ್ಪೋರಿನ್ ಇಂಜೆಕ್ಷನ್‌ಗಳು ಇದರ ಮೇಲೆ ಕೆಲಸ ಮಾಡುವುದಿಲ್ಲ. ರಕ್ತ ಪರೀಕ್ಷೆಗೆ ಕಾಯೋಣವೆಂದರೆ ಅದೂ ಆಗದು. ಮಾಮೂಲಿ ಕಲ್ಚರ್‌ನಲ್ಲಿ ರಿಕೆಟ್ಸಿಯಾ ಬೆಳೆಯುವುದಿಲ್ಲ. ಪ್ರತಿಕಾಯಗಳು ರಕ್ತದಲ್ಲಿ ಕಾಣಲು ಏಳರಿಂದ ಹತ್ತು ದಿನ ಬೇಕು. ಮೊದಲ ವಾರದಲ್ಲಿ ಪರೀಕ್ಷೆ ನೆಗೆಟಿವ್ ಬಂದರೆ ರೋಗವಿಲ್ಲ ಎಂದು ಅರ್ಥವಲ್ಲ. ವೈದ್ಯರು ಅನುಮಾನದ ಮೇಲೆಯೇ ಔಷಧ ಶುರು ಮಾಡಬೇಕಾದ ಕಾಯಿಲೆ ಇದು.

ಇಲ್ಲಿ ಒಂದು ಹಳೆಯ ಅಂಜಿಕೆ ಅಡ್ಡ ಬರುತ್ತದೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಡಾಕ್ಸಿಸೈಕ್ಲಿನ್ ಕೊಟ್ಟರೆ ಹಲ್ಲು ಕಂದಾಗುತ್ತದೆ ಎಂದು ಎಷ್ಟೋ ಕಡೆ ಕೊಡಲು ಹಿಂಜರಿಯುತ್ತಾರೆ. ಹಲ್ಲಿಗೆ ಬಣ್ಣ ಹಿಡಿಸಿದ್ದು ಅದೇ ಬಳಗದ ಹಳೆಯ ಟೆಟ್ರಾಸೈಕ್ಲಿನ್. ಎಂಟು ವರ್ಷಕ್ಕಿಂತ ಮೊದಲು ಡಾಕ್ಸಿಸೈಕ್ಲಿನ್ ತೆಗೆದುಕೊಂಡಿದ್ದ 58 ಮಕ್ಕಳ ಹಲ್ಲುಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಮಗುವಿನಲ್ಲೂ ಆ ಕಲೆ ಕಂಡಿರಲಿಲ್ಲ. ಅಲ್ಲಿನ ಮಕ್ಕಳ ವೈದ್ಯರ ಸಂಘ ಈ ಜ್ವರಕ್ಕೆ ಎಲ್ಲ ವಯಸ್ಸಿನವರಿಗೂ ಅದೇ ಮೊದಲ ಮದ್ದು ಎನ್ನುತ್ತದೆ. ಹಲ್ಲಿನ ಚಿಂತೆಗೆ ಜೀವ ಕಳೆಯುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ನಾಯಿಯ ಉಣುಗಿನ ಬಗ್ಗೆ ಅಮೆರಿಕವೇ ಹೊಸ ಪಾಠ ಕಲಿಯಬೇಕಾಯಿತು. ಅರಿಜೋನಾದ ಬುಡಕಟ್ಟು ಜನರ ಊರುಗಳಲ್ಲಿ 2003ರಿಂದ ಚುಕ್ಕೆ ಜ್ವರ ಕಾಣಿಸಿಕೊಂಡಾಗ, ಆ ಒಣ ಸೀಮೆಯಲ್ಲಿ ಬಿಟರ್‌ರೂಟ್‌ನಲ್ಲಿ ಜ್ವರ ಹರಡುತ್ತಿದ್ದ ಜಾತಿಯ ಉಣುಗು ಕಾಣಲಿಲ್ಲ. ಹುಡುಕಿದರೆ ಸಿಕ್ಕಿದ್ದು ಬೀದಿನಾಯಿಗಳ ಮೈಮೇಲಿನ, ಗೋಡೆಯ ಬಿರುಕಿನ, ಹಳೆಯ ಹಾಸಿಗೆಯ ಸಂದಿಯ ಕಂದು ಉಣುಗು. ಮರಿ, ಎಳೆಯದು, ಬಲಿತದ್ದು ಎಂಬ ಮೂರು ಹಂತಕ್ಕೂ ಅದಕ್ಕೆ ನಾಯಿಯೊಂದೇ ಸಾಕು. ರಕ್ತ ಕುಡಿದು ಉದುರುತ್ತದೆ, ಸಂದಿಯಲ್ಲಿ ಪೊರೆ ಬಿಟ್ಟು ಮತ್ತೆ ಹತ್ತುತ್ತದೆ, ಕೊನೆಗೆ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಬಿಸಿಲು ಏರಿದಾಗ ಇದು ಮನುಷ್ಯರತ್ತ ತಿರುಗುವುದು ಹೆಚ್ಚು ಎಂಬುದು ಪ್ರಯೋಗಗಳಲ್ಲಿ ಕಂಡಿದೆ. ಅಂಥ ಊರೊಂದರಲ್ಲಿ 2012ರಲ್ಲಿ ಮನೆಮನೆಗೆ ಹೋಗಿ ನಾಯಿಗಳಿಗೆಲ್ಲ ತಿಂಗಳುಗಟ್ಟಲೆ ಕೆಲಸ ಮಾಡುವ, ಉಣುಗು ತಡೆಯುವ ಕೊರಳಪಟ್ಟಿ ಕಟ್ಟಿ, ಅಂಗಳಕ್ಕೆ ಔಷಧ ಹೊಡೆದರು. ಸುತ್ತಲಿನ ಊರುಗಳಲ್ಲಿ ನೂರಕ್ಕೆ 64 ನಾಯಿಗಳ ಮೈಮೇಲೆ ಉಣುಗಿದ್ದರೆ, ಇಲ್ಲಿ ನೂರಕ್ಕೆ ಒಂದರಷ್ಟಕ್ಕೆ ಇಳಿಯಿತು. ನಾಯಿಯನ್ನು ಹೊಡೆದು ಓಡಿಸುವುದರಿಂದ ಇದು ಆಗುವ ಕೆಲಸವಲ್ಲ. ನಾಯಿ ಹೋದರೂ ಗೋಡೆಯ ಬಿರುಕಿನಲ್ಲಿ ಹಸಿದ ಉಣುಗು ಉಳಿಯುತ್ತದೆ.

ನಾಯಿಯ ಕಿವಿಯಿಂದ ಉಣುಗು ಕಿತ್ತು ಉಗುರಿನಲ್ಲಿ ಕುಕ್ಕುವ ಅಭ್ಯಾಸ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಅದನ್ನು ಬಿಡಬೇಕು. ಒಡೆದ ಉಣುಗಿನ ರಸ ಬೆರಳಿನ ಸಣ್ಣ ಗೀರಿಗೆ ತಾಗಿದರೂ ಸಾಕು. ಮೈಗೆ ಕಚ್ಚಿರುವ ಉಣುಗಿಗೆ ಬೀಡಿ ಬೆಂಕಿ ತಾಗಿಸುವುದು, ಸೀಮೆಎಣ್ಣೆ ಹಚ್ಚುವುದೂ ಬೇಡ. ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಬೇಕು. ಆಮೇಲೆ ಆ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಬೇಕು. ಮಕ್ಕಳಾದರೆ ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ, ಕೂದಲ ಬುಡದಲ್ಲಿ ಬೆರಳಾಡಿಸಿ ಹುಡುಕಿ. ಕಿತ್ತ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಎರಡು ವಾರದೊಳಗೆ ಜ್ವರ ಬಂದರೆ ಚುಕ್ಕೆ ಮೂಡಲಿ ಎಂದು ಕಾಯದೆ ಹೊರಡಿ, ಡಾಕ್ಟರು ಕೇಳದಿದ್ದರೂ ಉಣುಗು ಕಚ್ಚಿದ್ದನ್ನು, ಕಚ್ಚಿದ ತಾರೀಖನ್ನು ನೀವಾಗಿಯೇ ಹೇಳಿ.