ಉಪಾಹಾರ ಗೃಹಗಳಲ್ಲಿ ಆಹಾರದ ಪೋಲು: ಅಳತೆ ಮತ್ತು ಹತೋಟಿ

ಉಪಾಹಾರ ಗೃಹಗಳ ಲಾಭ-ನಷ್ಟ ತಃಖ್ತೆಯಲ್ಲಿ ಬಾಡಿಗೆ, ವೇತನ, ವಿದ್ಯುತ್, ಅನಿಲಗಳಿಗೆ ಪ್ರತ್ಯೇಕ ಶೀರ್ಷಿಕೆಗಳಿರುತ್ತವೆ. ಪೋಲಾದ ಆಹಾರಕ್ಕೆ ಮಾತ್ರ ಇರುವುದಿಲ್ಲ. ಅದು ದಿನಸಿಯ ವೆಚ್ಚದೊಳಗೆ ಅಡಗಿರುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಸಿಪ್ಪೆ, ಮೂಳೆಗಳೂ ಸೇರಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಗಿದ್ದು, ಅದರಲ್ಲಿ ಶೇ. 28 ಆಹಾರ ಸೇವಾ ಉದ್ಯಮದ ಪಾಲು.

ಮಾಲೀಕರಿಗೆ ಇದಕ್ಕಿಂತ ಮುಖ್ಯವಾದುದು ಗಲ್ಲಾದ ಲೆಕ್ಕ. ನಿತ್ಯ 40,000 ರೂ. ವ್ಯಾಪಾರವುಳ್ಳ ಒಂದು ದರ್ಶಿನಿಯನ್ನು ಉದಾಹರಣೆಗೆ ಊಹಿಸಬಹುದು. ದಿನಸಿಯ ವೆಚ್ಚ ಶೇ. 40 ಎಂದಾದರೆ 16,000 ರೂ.; ಅದರಲ್ಲಿ ಶೇ. 6 ಪೋಲಾದರೆ 960 ರೂ. ನಿವ್ವಳ ಲಾಭ ಶೇ. 8, ಅಂದರೆ 3,200 ರೂ. ಇರುವಲ್ಲಿ ಈ ಪೋಲು ಲಾಭದ ಶೇ. 30ಕ್ಕೆ ಸಮ. ಪೋಲನ್ನು ಅರ್ಧಕ್ಕೆ ಇಳಿಸಿದರೆ ಉಳಿಯುವ 480 ರೂಪಾಯಿಯನ್ನು ಅದೇ ಲಾಭಾಂಶದಲ್ಲಿ ಗಳಿಸಲು ನಿತ್ಯ 6,000 ರೂ. ಹೆಚ್ಚುವರಿ ವ್ಯಾಪಾರ ಬೇಕಾಗುತ್ತದೆ.

ಅಳತೆಗೆ ಒಂದು ತಕ್ಕಡಿ, ಒಂದು ಪುಸ್ತಕ, ನಾಲ್ಕು ಡಬ್ಬಿ ಸಾಕು. ಉಗ್ರಾಣದಲ್ಲಿ ಕೆಟ್ಟದ್ದು, ಹೆಚ್ಚುವಾಗ ಹೋದದ್ದು, ಬೇಯಿಸಿ ಮಾರಾಟವಾಗದೆ ಉಳಿದದ್ದು, ತಟ್ಟೆಯಲ್ಲಿ ಬಿಟ್ಟದ್ದು ಇವುಗಳನ್ನು ಬೇರೆ ಬೇರೆಯಾಗಿ ತೂಗಬೇಕು. ಆದರೆ ತೂಕವೊಂದನ್ನೇ ನಂಬಿದರೆ ದಾರಿ ತಪ್ಪುತ್ತದೆ. ಒಂದು ಕಿಲೋ ಆಲೂಗಡ್ಡೆ ಸಿಪ್ಪೆಯೂ ಮಧ್ಯಾಹ್ನಕ್ಕೆ ಹುಳಿಯಾದ ಒಂದು ಕಿಲೋ ಕಾಯಿ ಚಟ್ನಿಯೂ ತಕ್ಕಡಿಗೆ ಒಂದೇ, ಮಾಲೀಕನ ಜೇಬಿಗೆ ಅಲ್ಲ. 2025ರಲ್ಲಿ ತೆಂಗಿನಕಾಯಿಯ ಬೆಲೆ ಏರಿದಾಗ ಇದು ಅನೇಕರ ಅರಿವಿಗೆ ಬಂದಿರಬೇಕು. ಆದ್ದರಿಂದ ತೂಕದ ಪಕ್ಕದಲ್ಲಿ ರೂಪಾಯಿಯನ್ನೂ ಬರೆಯುವುದು ಅಗತ್ಯ. ನೌಕರರ ಊಟವನ್ನು ಪೋಲಿನಲ್ಲಿ ಸೇರಿಸತಕ್ಕದ್ದಲ್ಲ.

ಇದಕ್ಕೆ ಇನ್ನೊಂದು ತಾಳೆ ಇದೆ. ವಾರದ ಆರಂಭದ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ, ಕೊನೆಯ ದಾಸ್ತಾನನ್ನು ಕಳೆದರೆ ನಿಜವಾದ ಬಳಕೆ ಸಿಗುತ್ತದೆ. ಮಾರಾಟವಾದ ದೋಸೆ, ಇಡ್ಲಿಗಳ ಸಂಖ್ಯೆಯನ್ನು ಪ್ರತಿಯೊಂದಕ್ಕೂ ಗೊತ್ತುಪಡಿಸಿದ ಅಕ್ಕಿ, ಉದ್ದು, ಎಣ್ಣೆಯ ಪ್ರಮಾಣದಿಂದ ಗುಣಿಸಿ, ನೌಕರರ ಊಟದ ಬಾಬನ್ನು ಸೇರಿಸಿದರೆ ಆಗಬೇಕಿದ್ದ ಬಳಕೆ ತಿಳಿಯುತ್ತದೆ. ಇವೆರಡರ ಅಂತರವು ಡಬ್ಬಿಗಳಲ್ಲಿ ತೂಗಿದ ಪೋಲಿಗಿಂತ ಬಹಳ ಹೆಚ್ಚಿದ್ದರೆ ಸೋರಿಕೆ ಕಸದ ಡಬ್ಬಿಯಲ್ಲಿಲ್ಲ. ತಕ್ಕಡಿಯಲ್ಲೋ, ಸರಬರಾಜುದಾರನ ಬಿಲ್ಲಿನಲ್ಲೋ, ಹಿಂಬಾಗಿಲಿನಲ್ಲೋ ಹುಡುಕಬೇಕು.

ಹತೋಟಿಯ ಕ್ರಮಗಳು ಪೋಲಿನ ಸ್ಥಾನವನ್ನು ಅವಲಂಬಿಸಿವೆ. ಮಾರಾಟವಾಗದೆ ಉಳಿಯುವುದು ಹೆಚ್ಚಾದರೆ ಚಟ್ನಿ, ಪಲ್ಯಗಳನ್ನು ಸಣ್ಣ ಸಣ್ಣ ಕಂತುಗಳಲ್ಲಿ ತಯಾರಿಸಬೇಕು. ತಟ್ಟೆಯಲ್ಲಿ ಹೆಚ್ಚಾದರೆ ಬಟ್ಟಲಿನ ಅಳತೆ ಇಳಿಸಿ, ಕೇಳಿದವರಿಗೆ ಮತ್ತೆ ಬಡಿಸಬೇಕು. ಎರಡನೆಯ ಸಲ ಬಡಿಸಲು ಜಿಪುಣತನ ತೋರಿದರೆ ಗಿರಾಕಿ ಎದುರಿನ ಹೋಟೆಲಿಗೆ ಹೋಗುತ್ತಾನೆ.

ತೆರಿಗೆಯ ಅಂಶವೂ ಗಮನಾರ್ಹ. ನವೆಂಬರ್ 2017ರಿಂದ ಶೇ. 5ರ ದರಕ್ಕೆ ಒಳಪಟ್ಟ ಉಪಾಹಾರ ಗೃಹಗಳಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲವಾದ್ದರಿಂದ, ಪೋಲಾದ ತುಪ್ಪದೊಂದಿಗೆ ಅದರ ಮೇಲೆ ತೆತ್ತ ತೆರಿಗೆಯೂ ನಷ್ಟವೇ. ಕ್ರೆಡಿಟ್ ಪಡೆಯುವ ದೊಡ್ಡ ಹೋಟೆಲುಗಳು ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 17(5)(ಎಚ್) ಕಲಮನ್ನು ನೋಡಬೇಕು: ನಾಶವಾದ, ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲಿನ ಕ್ರೆಡಿಟ್ ದೊರೆಯದು. ಬಡಿಸದೆ ಉಳಿದ ಸುರಕ್ಷಿತ ಆಹಾರವನ್ನು ದಾನ ಮಾಡುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ 2019ರ ನಿಯಮಾವಳಿ ಇದೆ. ಆದರೆ ಉಡುಗೊರೆಯಾಗಿ ಕೊಟ್ಟ ಸರಕೂ ಅದೇ ಕಲಮಿನಲ್ಲಿ ಸೇರಿರುವುದರಿಂದ, ದಾನದ ತೂಕವನ್ನೂ ಪುಸ್ತಕದಲ್ಲಿ ಪ್ರತ್ಯೇಕವಾಗಿ ದಾಖಲಿಸುವುದು ಲೇಸು.