ನಕಾಶೆಯ ಬಿಳಿ ಜಾಗ ಹುಡುಕಿ ಹೋದವನು

1929ರ ಬೇಸಿಗೆಯಲ್ಲಿ ಅಲಾಸ್ಕದ ವೈಸ್‌ಮನ್ ಎಂಬ ಪುಟ್ಟ ಊರಿಗೆ ಬಂದಿಳಿದಾಗ ಬಾಬ್ ಮಾರ್ಷಲ್‌ಗೆ 28 ವರ್ಷ. ಚಿನ್ನ ಹುಡುಕುವವರ ಊರು ಅದು, ಇವನೋ ಅರಣ್ಯಶಾಸ್ತ್ರಜ್ಞ. ಆರ್ಕ್ಟಿಕ್ ವೃತ್ತದಾಚೆ ಮರ ಎಲ್ಲಿಯವರೆಗೆ ಬೆಳೆಯುತ್ತದೆ ಎಂದು ನೋಡುವುದು ನೆಪ. ಅವನನ್ನು ಎಳೆದು ತಂದದ್ದು ಬ್ರೂಕ್ಸ್ ಪರ್ವತಶ್ರೇಣಿಯ ನಡುವೆ, ಕೊಯುಕುಕ್ ನದಿಯ ಉಗಮದತ್ತ, ನಕಾಶೆಯಲ್ಲಿ ಏನೂ ಬರೆಯದೆ ಬಿಟ್ಟಿದ್ದ ಬಿಳಿ ಜಾಗ.

ಅಮೆರಿಕ 1867ರಲ್ಲೇ 72 ಲಕ್ಷ ಡಾಲರ್ ಕೊಟ್ಟು ರಷ್ಯಾದಿಂದ ಅಲಾಸ್ಕ ಕೊಂಡಿತ್ತು. ಕೊಂಡದ್ದೇನೆಂದು ತಿಳಿಯುವ ಅವಸರ ಮಾತ್ರ ಇರಲಿಲ್ಲ. 1885ರಲ್ಲಿ ಸೇನೆಯ ಹೆನ್ರಿ ಅಲೆನ್, 1899ರಿಂದ ಭೂವೈಜ್ಞಾನಿಕ ಸರ್ವೆಯವರು ಬಂದರು. ದೋಣಿ ಹೋದಲ್ಲಿ ನಕಾಶೆಯೂ ಹೋಯಿತು. ಹೊಳೆಗಳ ನಡುವಿನ ಬೆಟ್ಟಗಳು ಹಾಗೇ ಉಳಿದವು.

ಮಾರ್ಷಲ್ ಹತ್ತಿದ್ದು ಆ ಬೆಟ್ಟಗಳನ್ನೇ. ತುದಿಯಿಂದ ಕಂಡ ಕಣಿವೆ, ತೊರೆಗಳನ್ನು ಗುರುತಿಸಿ ಹೆಸರಿಟ್ಟ. ಎದುರುಬದುರು ನಿಂತ ಎರಡು ಶಿಖರಗಳು ‘ಗೇಟ್ಸ್ ಆಫ್ ದಿ ಆರ್ಕ್ಟಿಕ್’ ಆದವು. ಜೊತೆಗೆ ಅಲೆದ ಬೇಟೆಗಾರ ಎರ್ನಿ ಜಾನ್ಸನ್‌ನ ಹೆಸರು ಒಂದು ತೊರೆಗೆ ಬಂತು. ಕ್ಯಾರಿಬೂ ಹಿಂಡುಗಳ ಬೆನ್ನುಹತ್ತಿ ತಲೆಮಾರುಗಳಿಂದ ಅಲ್ಲಿ ಓಡಾಡಿದ್ದ ನುನಮಿಯುಟ್ ಜನರಿಗೆ ಅದು ಹೆಸರಿಲ್ಲದ ನಾಡಾಗಿತ್ತು ಎಂದು ಮಾತ್ರ ಯಾರೂ ತಿಳಿಯಬಾರದು.

ಅವನ ಲೆಕ್ಕ ತಪ್ಪಿದ್ದೂ ಉಂಟು. ಎರಡು ಸಲ ಹತ್ತಲು ಹೋಗಿ ಸೋತ ಡೂನೆರಾಕ್ ಶಿಖರ 10,000 ಅಡಿ ಮೀರಿದ್ದೆಂದು ನಂಬಿದ್ದ. ಅದರ ಎತ್ತರ 7,457 ಅಡಿ. ಸೋಲಿಸಿದ ಬೆಟ್ಟ ಸ್ವಲ್ಪ ಎತ್ತರವಾಗಿಯೇ ಕಂಡಿರಬೇಕು!

ಕಾಲ್ನಡಿಗೆಯ ನಕಾಶೆಯ ಕಾಲ ಎರಡನೇ ಮಹಾಯುದ್ಧದೊಂದಿಗೆ ಮುಗಿಯಿತು. ವಿಮಾನದಲ್ಲಿ ಮೂರು ಕ್ಯಾಮೆರಾ: ಒಂದು ನೇರ ಕೆಳಕ್ಕೆ, ಎರಡು ಓರೆಯಾಗಿ ಎಡಬಲಕ್ಕೆ, ಒಂದೇ ಹಾರಾಟಕ್ಕೆ ದಿಗಂತದಿಂದ ದಿಗಂತದವರೆಗೆ ಚಿತ್ರ. 1950ರ ದಶಕದಲ್ಲಿ ಇಂಚಿಗೊಂದು ಮೈಲಿಯ ಹಾಳೆಗಳು ಬರತೊಡಗಿದವು. ನಮ್ಮ ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳ ಅಳತೆಯೂ ಅದೇ.

ಅದನ್ನು ನೋಡಲು ಮಾರ್ಷಲ್ ಇರಲಿಲ್ಲ. 1939ರಲ್ಲಿ, 38ನೇ ವಯಸ್ಸಿಗೇ, ರೈಲು ಪ್ರಯಾಣದಲ್ಲಿ ತೀರಿಕೊಂಡ. ಅದಕ್ಕೆ ಹಿಂದಿನ ವರ್ಷವಷ್ಟೇ, ಯೂಕಾನ್ ನದಿಯ ಉತ್ತರಕ್ಕೆ ರಸ್ತೆ, ಕಾರ್ಖಾನೆ ಬೇಡವೆಂದು ಸರ್ಕಾರಕ್ಕೆ ಬರೆದುಕೊಟ್ಟಿದ್ದ. ದಾರಿ ತೋರಿಸುವ ನಕಾಶೆ ಬರೆದವನೇ ದಾರಿ ಬೇಡವೆಂದದ್ದು ವಿಚಿತ್ರ. ನನಗಂತೂ ಅವನ ನಕಾಶೆಗಿಂತ ಆ ಹಟವೇ ದೊಡ್ಡದೆನಿಸುತ್ತದೆ.

ಅವನಿಟ್ಟ ಹೆಸರಿನಲ್ಲೇ 1980ರಲ್ಲಿ ರಾಷ್ಟ್ರೀಯ ಉದ್ಯಾನ ಬಂತು, ಸುಮಾರು 84 ಲಕ್ಷ ಎಕರೆ. ಒಳಗೆ ಪ್ರವಾಸಿಗರಿಗೆಂದು ಮಾಡಿದ ರಸ್ತೆಯಿಲ್ಲ, ಕಾಲುದಾರಿಯೂ ಇಲ್ಲ. ಹೋಗುವವರು ನಕಾಶೆ ಓದಲು ಕಲಿತೇ ಹೋಗಬೇಕು.