ಅಭಿಷೇಕದ ಧಾರೆ ಇಳಿಯುವ ದಾರಿಯೇ ಶಂಖದ ಹುಳುವಿನ ಮೂಗು

ಜಯನಗರ 4ನೇ ಬ್ಲಾಕ್‌ನಲ್ಲೋ ಬನಶಂಕರಿಯಲ್ಲೋ ಪೂಜಾ ಸಾಮಗ್ರಿಯ ಅಂಗಡಿ ಹೊಕ್ಕರೆ ಎರಡು ಬಗೆಯ ಶಂಖ ಕಾಣುತ್ತವೆ. ಊದುವ ಶಂಖಕ್ಕೆ ಸುರುಳಿಯ ತುದಿ ಕತ್ತರಿಸಿರುತ್ತಾರೆ. ಅಭಿಷೇಕದ ಶಂಖ ಇಡಿಯಾಗಿರುತ್ತದೆ. ಅದರಲ್ಲಿ ನೀರು ತುಂಬಿ ಬಾಗಿಸಿದರೆ ಮೂತಿಯ ಕಡೆಯ ಕಿರಿದಾದ ಕಾಲುವೆಯಿಂದ ಸಣ್ಣ ಧಾರೆ ಇಳಿಯುತ್ತದೆ. ಒಳಗೆ ಬದುಕಿದ್ದ ಬಸವನಹುಳು ಉಸಿರಾಡಿದ್ದೂ ವಾಸನೆ ಹಿಡಿದದ್ದೂ ಇದೇ ಕಾಲುವೆಯಿಂದ.

1767ರಲ್ಲಿ ಜೀವವಿಜ್ಞಾನಿ ಲಿನೇಯಸ್ ವರ್ಣಿಸಿದ ಈ ಜೀವಿಗೆ ಈಗಿನ ಹೆಸರು ಟರ್ಬಿನೆಲ್ಲಾ ಪೈರಮ್. ಮನ್ನಾರ್ ಕೊಲ್ಲಿಯ ಮರಳು ತಳದಲ್ಲಿ, ಮುಳುಗುಗಾರರ ಕೈಗೆ ಎಟುಕುವ ಆಳದಲ್ಲಿ ಇದರ ವಾಸ. ಮೈ ಹೊದಿಕೆಯ ಅಂಚು ಮಡಿಚಿ ಮೃದುವಾದ ಕೊಳವೆಯಾಗಿ ಆ ಕಾಲುವೆಯಲ್ಲಿ ಮಲಗಿರುತ್ತದೆ. ಅದು ಎಳೆದುಕೊಂಡ ನೀರು ಕಿವಿರಿಗೂ, ಪಕ್ಕದಲ್ಲೇ ಇರುವ ಆಸ್ಫ್ರೇಡಿಯಂ ಎಂಬ ಅಂಗಕ್ಕೂ ತಾಗುತ್ತದೆ. ಕಿವಿರು ಆಮ್ಲಜನಕ ಹೀರುತ್ತದೆ, ಆಸ್ಫ್ರೇಡಿಯಂ ನೀರಿನಲ್ಲಿ ಕರಗಿದ ವಾಸನೆಯನ್ನು ಗುರುತಿಸುತ್ತದೆ. ಕೊಳವೆಯ ತುದಿಯನ್ನು ಅತ್ತಿತ್ತ ಆಡಿಸುತ್ತಾ ಹುಳು ಬೇಟೆಯ ದಿಕ್ಕು ಹಿಡಿಯುತ್ತದೆ. ಮರಳಿನಲ್ಲಿ ಗೂಡು ಕಟ್ಟಿಕೊಂಡ ಕಡಲ ಹುಳುಗಳೇ ಇದರ ಊಟ.

ಇದರ ನೆಂಟರು ಆಳಸಮುದ್ರದಲ್ಲಿದ್ದಾರೆ. ಕೊಲಂಬೇರಿಡೇ ಕುಟುಂಬದ ಬಸವನಹುಳುಗಳನ್ನು ಬಹುಕಾಲ ಶಂಖದ ಕುಟುಂಬದೊಳಗೇ ಇಟ್ಟಿದ್ದರು, ಈಗ ಪ್ರತ್ಯೇಕಿಸಿದ್ದಾರೆ. ಅವುಗಳ ಚಿಪ್ಪು ನೂಲುವ ಕದಿರಿನಂತೆ ನೀಳ. ಮೇಲೆ ಮುಳ್ಳು ಸಾಲಿನ ಪುಟ್ಟ ಗೋಪುರ, ಕೆಳಗೆ ನೇರವಾದ ಕಾಲುವೆ. ಈ ಕಾಲುವೆ ಎಷ್ಟೋ ಸಲ ಉಳಿದ ಚಿಪ್ಪಿಗಿಂತಲೂ ಉದ್ದವಿರುತ್ತದೆ. 1831ರಲ್ಲಿ ಫ್ರಾನ್ಸಿನ ರೆನೆ ಲೆಸನ್ ವರ್ಣಿಸಿದ, ಜಪಾನಿನ ಕಡಲಿನ ಕೊಲಂಬೇರಿಯಂ ಪಗೋಡ ಈ ಗುಂಪಿನ ಪ್ರಸಿದ್ಧ ಸದಸ್ಯ. ಕುಟುಂಬದ ಕೆಲವು ಪ್ರಭೇದಗಳು ಸಾವಿರ ಮೀಟರಿಗೂ ಕೆಳಗೆ ಸಿಕ್ಕಿವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಷ್ಟೇ ದೂರ ಕೆಳಮುಖವಾಗಿ ಕಡಲಿಗಿಳಿದರೂ ಇವುಗಳ ನೆಲೆ ಮುಗಿಯುವುದಿಲ್ಲ.

ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. 920 ಮೀಟರ್ ಕೆಳಗೆ ತೊಂಬತ್ತು ಪಟ್ಟು ದಾಟುತ್ತದೆ. ಆದರೂ ಹುಳು ಅಪ್ಪಚ್ಚಿಯಾಗುವುದಿಲ್ಲ. ಮೈಯಲ್ಲಿ ಗಾಳಿ ತುಂಬಿದ ಜಾಗವೇ ಇಲ್ಲ, ಇರುವುದೆಲ್ಲ ನೀರು. ಒಳಗೂ ಹೊರಗೂ ಒತ್ತಡ ಸರಿಸಮ. ಬಿಸಿಲು ತಲುಪದ ಆ ಕತ್ತಲಲ್ಲಿ ಕಣ್ಣಿಗೆ ಕೆಲಸವಿಲ್ಲ. ಉದ್ದ ಕಾಲುವೆಯ ಆಸರೆಯಲ್ಲಿ ಚಾಚಿದ ಕೊಳವೆ ವಾಸನೆ ಹಿಡಿಯುತ್ತದೆ, ಉದ್ದನೆಯ ಸೊಂಡಿಲು ಹುಳುಗಳ ಗೂಡಿನೊಳಕ್ಕೆ ಇಳಿಯುತ್ತದೆ.

ಮತ್ತೆ ಆ ಪೂಜಾ ಸಾಮಗ್ರಿಯ ಅಂಗಡಿಗೆ ಹೋದಾಗ ದುಬಾರಿ ‘ದಕ್ಷಿಣಾವರ್ತಿ’ (ತಿರುವು ಅದಲುಬದಲಾದ ಶಂಖ) ತೋರಿಸಿದರೆ ಮೊಬೈಲ್ ಟಾರ್ಚ್ ಹಾಕಿ ಬಾಯೊಳಗೆ ನೋಡಿ. ಟರ್ಬಿನೆಲ್ಲಾದ ನಡುಗಂಬದ ಮೇಲೆ ಮೂರು ನಾಲ್ಕು ಸ್ಪಷ್ಟ ಏಣುಗಳು ಅಡ್ಡಲಾಗಿ ಹಾದಿರುತ್ತವೆ. ಆ ಏಣುಗಳಿಲ್ಲದೆ ನುಣುಪಾಗಿದ್ದರೆ, ಅದು ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಬೇರೊಂದು ಬಸವನಹುಳುವಿನ ಚಿಪ್ಪಾಗಿರುವ ಸಂಭವ ಹೆಚ್ಚು. ನಮ್ಮ ಶಂಖದಲ್ಲಿ ತಿರುವು ಅದಲುಬದಲಾಗುವುದು ಅಪರೂಪ, ಬೆಲೆ ಅದಕ್ಕೇ. ಅಮೆರಿಕದ ಆ ಜಾತಿಯಲ್ಲಾದರೋ ಹೆಚ್ಚುಕಡಿಮೆ ಎಲ್ಲ ಚಿಪ್ಪೂ ಹುಟ್ಟಾ ಹಾಗೆಯೇ ತಿರುಗಿರುತ್ತವೆ. ಅದಕ್ಕೂ ಉಸಿರಿನ ಕಾಲುವೆಯಿದೆ, ಅಭಿಷೇಕದ ಧಾರೆಯೂ ಸರಾಗವಾಗಿ ಬೀಳುತ್ತದೆ. ಅಪರೂಪದ ಬೆಲೆ ಕೊಡುವುದಕ್ಕೆ ಮಾತ್ರ ಕಾರಣವಿಲ್ಲ.